ಒಂದೇ ಪ್ರತಿ ಯಾರ ಗೋಡೆಗೆ?

ಮೊನೊಪ್ರಿಂಟ್, ಲಿನೊಕಟ್, ಎಚ್ಚಿಂಗ್, ಲಿಥೊ. ಈ ಹೆಸರುಗಳು ಈಗ ಹವ್ಯಾಸದ ಪಟ್ಟಿಯೊಳಗೆ ಸೇರಿವೆ. ಬಿಡುವಿನಾಗ ಕೈಗೆ ಮಸಿ ಹಚ್ಚಿಕೊಂಡರ ಮನಸ್ಸು ಹಗುರಾಗತದ ಅಂತಾರ. ಆಗಲಿ, ನಮ್ಮ ತಕರಾರಿಲ್ಲ. ಆದರೆ ಗದಗ-ಬೆಟಗೇರಿಯಂಥ ಊರಾಗ ನಿಂತು ಈ ಮಾತು ಕೇಳಿದರೆ ಒಂದು ಪ್ರಶ್ನೆ ಏಳುತ್ತದೆ. ಇಲ್ಲಿ ತಲೆಮಾರುಗಟ್ಟಲೆ ಮಂದಿ ಹೊಟ್ಟೆಗಾಗಿ ಕೈಗೆ ಮಸಿ ಹಚ್ಚಿಕೊಂಡರು. ಅವರ ಕೆಲಸಕ್ಕೆ ಕಲೆ ಅನ್ನುವ ಹೆಸರು ಯಾಕೆ ಬರಲಿಲ್ಲ?

ಗದಗ ಅಂದರೆ ವೀರನಾರಾಯಣ, ಕುಮಾರವ್ಯಾಸ ಅಂತ ಶಾಲೆಯ ಪುಸ್ತಕ ಹೇಳುತ್ತದೆ. ಆ ಪುಸ್ತಕ ಅಚ್ಚಾದದ್ದೂ ಇಂಥದೇ ಊರಿನಲ್ಲಿ ಅನ್ನೋದನ್ನ ಮಾತ್ರ ಹೇಳೋದಿಲ್ಲ. ಶಾಬಾದಿಮಠ, ಹೊಂಬಾಳಿ, ಸಂಕೇಶ್ವರ ಮುಂತಾದ ಮನೆತನಗಳ ಹೆಸರು ಉತ್ತರ ಕರ್ನಾಟಕದ ಓದುಗರಿಗೆ ಗೊತ್ತು. ಆದರೆ ಒಳಗೆ ನಿಂತು ಮೊಳೆ ಜೋಡಿಸಿದವನ ಹೆಸರು ಯಾವ ಪುಸ್ತಕದ ಮೇಲೂ ಇಲ್ಲ. ಅವನು ಕನ್ನಡವನ್ನ ತಲೆಕೆಳಗು ಓದುತ್ತಿದ್ದ. ಒತ್ತಕ್ಷರ, ದೀರ್ಘ, ಕೊಂಬು ಒಂದೊಂದನ್ನೂ ಮರದ ಖಾನೆಯಿಂದ ಕಣ್ಣು ಹಾಯಿಸದೆ ಆರಿಸುತ್ತಿದ್ದ. ಸೀಸದ ಧೂಳು ಕುಡಿಯುತ್ತಿದ್ದ. ಬ್ಲಾಕ್ ಮಾಡುವವನು ಸತುವಿನ ತಗಡಿಗೆ ಆಮ್ಲ ಹಾಕಿ, ಬೇಡವಾದ ಭಾಗವನ್ನ ತಿನ್ನಿಸಿ ಚಿತ್ರ ಎಬ್ಬಿಸುತ್ತಿದ್ದ. ಕಲಾಶಾಲೆಯಲ್ಲಿ ಅದೇ ತಗಡು, ಅದೇ ಆಮ್ಲ 'ಎಚ್ಚಿಂಗ್' ಆಗುತ್ತದೆ. ಫರಕು ಇಷ್ಟೇ: ಅಲ್ಲಿ ಆಮ್ಲ ಕೊರೆದ ಗೆರೆಯೊಳಗೆ ಮಸಿ ತುಂಬುತ್ತಾರೆ, ಇಲ್ಲಿ ಉಳಿದ ಉಬ್ಬಿಗೆ ಮಸಿ ಹಚ್ಚುತ್ತಾರೆ. ಇಷ್ಟು ಸಣ್ಣ ಫರಕಿನ ಮೇಲೆ ಒಬ್ಬ ಕಲಾವಿದ, ಇನ್ನೊಬ್ಬ ಕೂಲಿ! ಆಫ್‌ಸೆಟ್, ಡಿಟಿಪಿ ಬಂದ ಮೇಲೆ ಮೊಳೆ ತೂಕಕ್ಕೆ ಹೋದವು, ಟ್ರೆಡಲ್ ಗುಜರಿಗೆ ಹೋಯಿತು. ಹಾಂಗ ಹೋದ ಯಂತ್ರಗಳನ್ನೇ ಈಗ ದೊಡ್ಡ ಶಹರದ ಸ್ಟುಡಿಯೋದವರು ಹುಡುಕುತ್ತಾರೆ. ನಗಬೇಕೋ ಅಳಬೇಕೋ ತಿಳಿಯದು.

ಈ ವಿದ್ಯೆಗಳು ಹುಟ್ಟಿದ್ದಾದರೂ ಯಾಕೆ? ಕಲ್ಲಚ್ಚನ್ನು 1796ರ ಸುಮಾರಿಗೆ ಕಂಡುಹಿಡಿದ ಜರ್ಮನಿಯ ಸೆನೆಫೆಲ್ಡರ್ ನಾಟಕ ಬರೆಯುವವನು. ತನ್ನ ನಾಟಕ ಅಚ್ಚು ಹಾಕಿಸಲು ರೊಕ್ಕ ಇಲ್ಲದ್ದರಿಂದ ಅಗ್ಗದ ದಾರಿ ಹುಡುಕಿದ. 1843ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಅಚ್ಚಾದದ್ದು ಕಲ್ಲಿನ ಮೇಲೆಯೇ. ಅದೇ ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲೂ ನೆಲೆ ಮಾಡಿದ್ದರು. ಒಂದನ್ನು ನೂರು ಮಾಡೋದು, ನೂರು ಮಂದಿಗೆ ಮುಟ್ಟಿಸೋದು ಅಚ್ಚಿನ ಹುಟ್ಟುಗುಣ. ಹಾಗಿದ್ದರೆ ಹತ್ತೇ ಪ್ರತಿ ತೆಗೆದು, ಮೂಲೆಯಲ್ಲಿ 'ಹತ್ತರಲ್ಲಿ ಮೂರನೆಯದು' ಅಂತ ಪೆನ್ಸಿಲಿನಲ್ಲಿ ಬರೆದು, ಆಮೇಲೆ ತಗಡಿನ ಮೇಲೆ ಗೀರು ಎಳೆದು ಕೆಡಿಸುವುದು ಯಾವ ಕಲಾಧರ್ಮ? ಇದು ಕಾಳು ಬಚ್ಚಿಟ್ಟು ಧಾರಣಿ ಏರಿಸುವ ಅಡತಿ ಬುದ್ಧಿ. ಕಲೆಯ ಮಾರುಕಟ್ಟೆ ಇದಕ್ಕೆ ಏನೇ ಚಂದದ ಹೆಸರಿಡಲಿ, ನಾವು ಒಪ್ಪುವುದಿಲ್ಲ.

ಜರ್ಮನಿಯ ಕೇಥೆ ಕೊಲ್ವಿಟ್ಸ್ ಎಂಬ ಹೆಣ್ಣುಮಗಳು 1893ರಿಂದ 1897ರವರೆಗೆ ದುಡಿದು 'ನೇಕಾರರ ದಂಗೆ' ಎಂಬ ಆರು ಅಚ್ಚುಚಿತ್ರ ಮಾಡಿದಳು. ಮೂರು ಕಲ್ಲಚ್ಚು, ಮೂರು ಎಚ್ಚಿಂಗ್. ಹಸಿದ ಮಗು, ಕತ್ತಲ ಕೋಣೆಯ ಮಗ್ಗ, ಮಾಲಕನ ಗೇಟಿಗೆ ಕಲ್ಲು, ಕಡೆಗೆ ಮನೆಯೊಳಗೆ ಹೊತ್ತು ತಂದ ಹೆಣ. 1898ರಲ್ಲಿ ಬರ್ಲಿನ್ನಿನ ತೀರ್ಪುಗಾರರು ಪದಕ ಕೊಡಬೇಕೆಂದರೆ ಕೈಸರ್ ಬೇಡವೆಂದ. 1943ರ ಬಂಗಾಳದ ಬರಗಾಲದಲ್ಲಿ ಊರೂರು ನಡೆದು ಚಿತ್ರ ಬರೆದ ಚಿತ್ತಪ್ರಸಾದರ ಪುಸ್ತಕವನ್ನು ಬ್ರಿಟಿಷ್ ಸರಕಾರ ವಶಪಡಿಸಿಕೊಂಡು ನಾಶಮಾಡಿತು. ಆಮೇಲೂ ಅವರು ಲಿನೋಲಿಯಂ ಕೊರೆಯೋದು ಬಿಡಲಿಲ್ಲ. ಬೆಟಗೇರಿಯಲ್ಲೂ ಮಗ್ಗ ಇವೆ, ಸೀರೆ ಇವೆ, ಸಾಲ ಇದೆ. ಆದರೆ ಆ ಮಗ್ಗದ ಮುಂದೆ ಕೂತವರ ಮುಖ ಇಷ್ಟು ಪ್ರೆಸ್ಸಿನ ಊರಿನಲ್ಲಿ ಯಾವ ಅಚ್ಚಿನಲ್ಲೂ ಹೀಗೆ ಮೂಡಿದ್ದನ್ನು ನಾವು ಕಂಡಿಲ್ಲ. ಟಿ. ಪಿ. ಅಕ್ಕಿ ಅವರು ಕಟ್ಟಿದ ವಿಜಯ ಕಲಾಮಂದಿರ ಇದೇ ಗದಗಿನದು. ಚಿತ್ರ ಕಲಿಯುವ ಹುಡುಗರಿಗೆ ವಿಷಯದ ಬರ ಇಲ್ಲ.

ಹಾಗಾದರೆ ಮೊನೊಪ್ರಿಂಟ್? ಒಂದೇ ಪ್ರತಿ ಬರುವ ಅಚ್ಚು ನಮ್ಮಂಥವರಿಗೆ ಏತಕ್ಕೆ? ಗಾಜಿನ ಮೇಲೆ ಮಸಿ ತೀಡಿ, ಮೇಲೆ ಕಾಗದ ಹಾಸಿ, ಬೆನ್ನಿನಿಂದ ಗೆರೆ ಎಳೆದರೆ ಗೆರೆ ಬಿದ್ದಲ್ಲಿ ಮಸಿ ಹತ್ತುತ್ತದೆ. ಎಡ ಬಲ ಆಗಿರುತ್ತದೆ. ಎರಡನೆಯ ಸಲ ತೆಗೆದರೆ ಬರೀ ನೆರಳು. ತಿಳಿದವರು ಇಲ್ಲೊಂದು ಭೇದ ಹೇಳುತ್ತಾರೆ: ಬರೀ ಗಾಜಿನಿಂದ ಬಂದದ್ದು ಮೊನೊಟೈಪ್, ಕೊರೆದ ಅಚ್ಚು ಒಂದೇ ಇದ್ದು ಮಸಿ, ಬಣ್ಣ ಪ್ರತಿ ಸಲ ಬದಲಾದರೆ ಮೊನೊಪ್ರಿಂಟ್. ಈ ಎರಡನೆಯದರಲ್ಲಿ ನಮಗೆ ಜೀವ ಕಾಣುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಮೈಮೇಲೆ ಬಣ್ಣದಾಗ ಅದ್ದಿದ ಅಂಗೈ ಒತ್ತತಾರಲ್ಲ, ಅದೇನು? ಕೈ ಒಂದೇ, ಗುರುತು ಹತ್ತು ತರ. ಅದನ್ನ ಕಲಿಸಲಿಕ್ಕೆ ಯಾವ ಮಾಸ್ತರೂ ಬೇಕಾಗಲಿಲ್ಲ. ಚೌಕಟ್ಟಿನೊಳಗೆ ಹಾಕಿ ಮಾರಲೂ ಇಲ್ಲ.

ಅದಕ್ಕೇ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹಳ್ಳಿ ಶಾಲೆಯ ಮಾಸ್ತರರಿಗೆ ನಮ್ಮ ಮಾತು: ಪ್ರೆಸ್ ಇಲ್ಲ, ಗ್ರಾಂಟ್ ಇಲ್ಲ ಅಂತ ಕೂಡಬ್ಯಾಡ್ರಿ. ಒಡೆದ ಕಿಟಕಿಯ ಗಾಜು ಅಂಚು ತಿಕ್ಕಿದರೆ ಸಾಕು. ಸವೆದ ಚಪ್ಪಲಿಯ ರಬ್ಬರ್ ಅಟ್ಟೆಯನ್ನು ಬ್ಲೇಡಿನಿಂದ ಕೊರೆದರೆ ಲಿನೊದಷ್ಟೇ ಚೊಕ್ಕ ಬರುತ್ತದೆ. ಕಾಲಡಿಯ ವಸ್ತು ಅಂತ ಮುಖ ಸಿಂಡರಿಸುವವರು ಆಚೆ ನಿಲ್ಲಲಿ. ಒತ್ತಲಿಕ್ಕೆ ಚಮಚದ ಬೆನ್ನು ಐತಿ. ಅಕ್ಷರ ಕೊರೆಯುವಾಗ ಮಾತ್ರ ತಿರುಗುಮುರುಗಾಗಿ ಕೊರೆಯಬೇಕು. ಮಕ್ಕಳು ತಮ್ಮ ಹೆಸರು ಕೊರೆದು, ಉಲ್ಟಾ ಬಂದದ್ದು ಕಂಡಾಗಲೇ ಮೊಳೆ ಜೋಡಿಸುವವನ ವಿದ್ಯೆ ಏನಿತ್ತು ಅಂತ ತಿಳಿಯತದ. ಪ್ರೆಸ್ಸಿನ ಎಣ್ಣೆಮಸಿ ಬೇಗ ಒಣಗೋದಿಲ್ಲ, ಎರಡು ಮೂರು ದಿನ ಹಗ್ಗಕ್ಕೆ ಜೋತು ಹಾಕಬೇಕು. ಬೆಟಗೇರಿಯಲ್ಲಿ ಜಕಾರ್ಡ್ ಮಗ್ಗದ ಹಳೆಯ ತೂತಿನ ಕಾರ್ಡು ಸಿಕ್ಕರೆ ಬಿಡಬೇಡಿ. ಕಾಗದದ ಮೇಲಿಟ್ಟು ಮಸಿ ಬಟ್ಟೆಯಿಂದ ತಟ್ಟಿದರೆ ಕಾರ್ಡಿನ ತೂತುಗಳು ಚುಕ್ಕಿ ಚುಕ್ಕಿಯಾಗಿ ಕೆಳಗೆ ಇಳಿಯುತ್ತವೆ.