ಬ್ಯಾಟಿನ ಮೇಲೊಂದು ಜೋಡಿ ಹಕ್ಕಿ

ಬೇಸ್‌ಬಾಲ್ ಆಟ ನನಗೆ ಇಂದಿಗೂ ಅರ್ಧಂಬರ್ಧ. ಆದರೆ ಅಮೆರಿಕದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಅಂಗಿ ಕಂಡರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಎದೆಯ ಮೇಲೆ ಓರೆಯಾಗಿ ಹಳದಿ ಬ್ಯಾಟು, ಅದರ ಮೇಲೆ ಎದುರುಬದುರು ಕೂತ ಎರಡು ಕೆಂಪು ಹಕ್ಕಿ, ಕೆಳಗೆ ತಂಡದ ಹೆಸರು. 1921ರಲ್ಲಿ ತಂಡದ ಮ್ಯಾನೇಜರ್ ಬ್ರಾಂಚ್ ರಿಕಿ ಚರ್ಚೊಂದರ ಸಮಾರಂಭಕ್ಕೆ ಹೋಗಿದ್ದಾಗ ಮೇಜಿನ ಅಲಂಕಾರದಲ್ಲಿ ರಟ್ಟಿನ ಹಕ್ಕಿಗಳನ್ನು ಕಂಡು ಮನಸೋತರಂತೆ. ಮರುವರ್ಷವೇ ಅವು ಅಂಗಿಯ ಮೇಲೆ ಬಂದು ಕೂತವು.

ಟೀವಿಯಲ್ಲಿ ನೋಡಿದರೆ ಅಚ್ಚು ಹಾಕಿದಂತಿರುತ್ತದೆ. ಹತ್ತಿರದಿಂದ ನೋಡಬೇಕು: ಅದು ಚೈನ್ ಸ್ಟಿಚ್. ನಮ್ಮ ರವಿಕೆಗಳ ಆರಿ ಕೆಲಸದ ಜಾತಿಯದೇ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎದ್ದು ಬರುತ್ತದೆ. ಸಾಲು ಬಾಗಿದ ಕಡೆಯಲ್ಲೆಲ್ಲ ಬೆಳಕೂ ಬಾಗುತ್ತದೆ, ಹಾಗಾಗಿ ಬರೀ ಕೆಂಪು ದಾರದಲ್ಲೇ ರೆಕ್ಕೆಗೆ ಗರಿ ಮೂಡಿದಂತೆ ಕಾಣುತ್ತದೆ. ಬೆರಳಾಡಿಸಿದರೆ ಸಣ್ಣ ಉಬ್ಬುತಗ್ಗು. ಒಂದು ಅಂಗಿಗೆ ಇಷ್ಟು ಮುದ್ದು ಬೇಕಾ ಅನಿಸಬಹುದು. ಬೇಕು!

ಅಭಿಮಾನಿಗಳಿಗಂತೂ ಇದು ಜಗಳಕ್ಕೆ ನಿಲ್ಲುವಷ್ಟು ದೊಡ್ಡ ವಿಷಯ. 1956ರಲ್ಲಿ ಜನರಲ್ ಮ್ಯಾನೇಜರ್ ಫ್ರಾಂಕ್ ಲೇನ್ ಹಕ್ಕಿಗಳನ್ನೂ ಬ್ಯಾಟನ್ನೂ ಕಿತ್ತುಹಾಕಿ ಬರೀ ಹೆಸರು ಉಳಿಸಿದರು. ಜನ ಸಿಟ್ಟಾದರು. ಮುಂದಿನ ವರ್ಷ ಹಕ್ಕಿಗಳು ವಾಪಸ್! 2024ರಲ್ಲಿ ಎಲ್ಲ ತಂಡಗಳಿಗೂ ಹೊಸ ತೆಳು ಅಂಗಿ ಬಂದಾಗ, ಬೆನ್ನಿನ ಮೇಲಿನ ಹೆಸರಿನ ಅಕ್ಷರ ಚಿಕ್ಕದಾಯಿತು ಅಂತ ಮತ್ತೆ ಗಲಾಟೆ. ನನಗೆ ಅವರು ಅತಿ ಮಾಡಿದರು ಅನ್ನಿಸಲೇ ಇಲ್ಲ.