ಸೋಲಿಗರ ಅರಿವು: ಬರೀ ಮಾಹಿತಿಯೋ, ಪಾಲುದಾರಿಕೆಯೋ?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಕಳೆ ಹಬ್ಬಿದ್ದೇಕೆ? ಈ ಪ್ರಶ್ನೆಗೆ ಸೋಲಿಗ ಹಿರಿಯರಿಂದ ಉತ್ತರ ಪಡೆದ ಪ್ರಬಂಧವೊಂದು 2012ರಲ್ಲಿ 'ಹ್ಯೂಮನ್ ಇಕಾಲಜಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಭರತ್ ಸುಂದರಂ, ಸಿದ್ಧಾರ್ಥ ಕೃಷ್ಣನ್, ಅಂಕಿಲಾ ಹಿರೇಮಠ್ ಮತ್ತು ಗ್ಲಾಡ್ವಿನ್ ಜೋಸೆಫ್ ಇದರ ಲೇಖಕರು.

ಹಿಂದೆ ಸೋಲಿಗರು ತರಗೆಲೆಗೆ ಹಾಕುತ್ತಿದ್ದ ಬೆಂಕಿ ನೆಲಮಟ್ಟದಲ್ಲೇ ಹರಿದು ಕಳೆಯ ಎಳೆಸಸಿಗಳನ್ನು ಸುಡುತ್ತಿತ್ತು. 1974ರಲ್ಲಿ ವನ್ಯಧಾಮ ಘೋಷಣೆಯಾದ ಮೇಲೆ ಬೆಂಕಿಗೆ ನಿರ್ಬಂಧ ಬಂತು, ಲಂಟಾನ ದಟ್ಟವಾಯಿತು ಎಂಬುದು ಹಿರಿಯರ ವಿವರಣೆ. ಇದನ್ನು ಕೇವಲ ನಂಬಿಕೆಯೆಂದು ತಳ್ಳಿಹಾಕದೆ ಕಾರಣ-ಪರಿಣಾಮಗಳ ನಿರೂಪಣೆಯಾಗಿ ಪರಿಗಣಿಸಿರುವುದು ಪ್ರಬಂಧದ ಹಿರಿಮೆ.

ಆದರೆ ಕೊರತೆಯೂ ಇದೆ. ಹಿರಿಯರು ಇಲ್ಲಿ ಮಾಹಿತಿದಾರರು ಮಾತ್ರ, ಲೇಖಕರ ಸಾಲಿನಲ್ಲಿಲ್ಲ. ನೆನಪಿನ ಆಧಾರದ ವಿವರಣೆಯನ್ನು ಪರೀಕ್ಷೆಗೂ ಒಳಪಡಿಸಬೇಕು. ಬೆಂಕಿ ಹಾಕಿದ ತಾಕನ್ನು ಹಾಕದ ತಾಕಿನೊಂದಿಗೆ ಹೋಲಿಸಬೇಕು. ದಟ್ಟ ಲಂಟಾನದಲ್ಲಿ ಬೆಂಕಿ ಉಗ್ರವಾಗಿ ಮರಗಳಿಗೂ ಏರಬಹುದಾದ್ದರಿಂದ ಹಳೆಯ ಪದ್ಧತಿಯನ್ನು ಹಾಗೆಯೇ ಮರಳಿ ತರುವಂತಿಲ್ಲ. ಎಲ್ಲಿ, ಯಾವಾಗ, ಎಷ್ಟು ಎಂಬುದನ್ನು ಸೋಲಿಗರೊಡನೆ ಕುಳಿತೇ ನಿರ್ಧರಿಸಬೇಕು.

ಕೆನಡಾದ ಆರ್ಕ್ಟಿಕ್ ಪ್ರದೇಶದ ಇನ್ಯುಯಿಟ್ ಜನರ ರಾಷ್ಟ್ರೀಯ ಸಂಘಟನೆ 2018ರ ತನ್ನ ಸಂಶೋಧನಾ ಕಾರ್ಯನೀತಿಯಲ್ಲಿ ಕೇಳಿದ್ದೂ ಇಂಥದ್ದನ್ನೇ: ಸಂಶೋಧನೆಯ ಆದ್ಯತೆ, ಹಣ, ದತ್ತಾಂಶಗಳಲ್ಲಿ ತಮ್ಮ ಅಧಿಕಾರ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತಿದೆ. ಮುಂದಿನ ಸಂಶೋಧನೆಯ ಮೊದಲ ಪ್ರಶ್ನೆ ಆ ಸಭೆಗಳಿಂದಲೇ ಏಳಬೇಕು. ಭೀಮಾ ತೀರದ ಘತ್ತರಗಿಯಂಥ ಊರುಗಳ ತೊಗರಿ ಹೊಲಗಳಲ್ಲಿ ಪ್ರಯೋಗ ಕೈಗೊಳ್ಳುವವರಿಗೂ ಇದೇ ಅಳತೆಗೋಲು.