ಬೆರಳ ತುದಿಯ ತೀರ್ಪು

ಚೆನ್ನೈನ ಪ್ಯಾರೀಸ್ ಕಾರ್ನರಿನ ಬಿಡಿಭಾಗದ ಅಂಗಡಿಗಳ ಮುಂದೆ ಒಂದು ಪರೀಕ್ಷೆಗಿರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಮೆಕ್ಯಾನಿಕ್ ಟರ್ಬೊಗೆ ಗಾಳಿ ಹೋಗುವ ಹೋಸ್ ಕಳಚುತ್ತಾನೆ. ಒಳಗಿನ ಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸುತ್ತಾನೆ. ಕೊಂಚ ಆಡಿತೋ, "ಟರ್ಬೊ ಪೋಚ್ಚು" ಎಂದುಬಿಡುತ್ತಾನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾದರೆ "ಪ್ಲೇ ಬಂದಿದೆ ಸಾರ್, ಚೇಂಜ್ ಮಾಡಬೇಕು". ಭಾಷೆ ಬೇರೆ, ತೀರ್ಪು ಒಂದೇ. ಈ ಪರೀಕ್ಷೆಗೆ ಸಿಕ್ಕಿರುವ ಗೌರವ ಅದರ ಯೋಗ್ಯತೆಗಿಂತ ಬಹಳ ದೊಡ್ಡದು ಎಂದು ನಾನು ಹೇಳಬೇಕಾಗಿದೆ.

ಟರ್ಬೊ ಎಂದರೇನು, 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅದಕ್ಕೆ ಹೇಗೆ ಪೇಟೆಂಟ್ ಪಡೆದ ಎಂಬುದೆಲ್ಲ ಇಲ್ಲಿ ಬೇಡ. ಒಂದು ಸಂಗತಿ ಸಾಕು. ಆ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತದೆ. ಸಾಮಾನ್ಯ ಡೀಸೆಲ್ ಟರ್ಬೊಗಳಲ್ಲಿ ಅದರ ಶಾಫ್ಟ್ ಬುಷ್‌ಗೆ ಬಿಗಿಯಾಗಿ ಕೂತಿರುವುದಿಲ್ಲ. ಶಾಫ್ಟಿಗೂ ಬುಷ್‌ಗೂ ನಡುವೆ ಒಂದು ಸಂದು, ಬುಷ್‌ಗೂ ಹೊರಗಿನ ಮನೆಗೂ ನಡುವೆ ಇನ್ನೊಂದು. ಎರಡರಲ್ಲೂ ಒತ್ತಡದ ಎಣ್ಣೆ ತುಂಬಿರುತ್ತದೆ, ಶಾಫ್ಟ್ ಅದರಲ್ಲಿ ತೇಲುತ್ತದೆ.

ಈಗ ಆ ಬೆರಳಿನ ಕಡೆ ನೋಡಿ. ಎಂಜಿನ್ ನಿಂತಿದೆ, ಎಣ್ಣೆ ಇಳಿದುಹೋಗಿದೆ, ಸಂದುಗಳು ಖಾಲಿ. ಆಗ ಶಾಫ್ಟ್ ಅಡ್ಡಕ್ಕೆ ಆಡಲೇಬೇಕು. ಮೆಕ್ಯಾನಿಕ್ ಹಿಡಿದಿರುವುದು ಬುಷ್‌ನಿಂದ ಆಚೆ ಚಾಚಿದ ತುದಿಯನ್ನು, ಹಾಗಾಗಿ ಒಳಗಿನ ಸಣ್ಣ ಸಂದು ಅಲ್ಲಿಗೆ ಬರುವಾಗ ಹಿಗ್ಗಿರುತ್ತದೆ. ಹೊಸ ಟರ್ಬೊ ಡಬ್ಬಿಯಿಂದ ತೆಗೆದು ಹೀಗೇ ಅಲ್ಲಾಡಿಸಿದರೂ ಆಡುತ್ತದೆ. ನಂಬದವರು ಅಂಗಡಿಯಲ್ಲಿ ಕೇಳಿ ಮುಟ್ಟಿ ನೋಡಲಿ. ಆಡುವುದೇ ಸಾವಿನ ಗುರುತಾದರೆ ಆ ಡಬ್ಬಿಗಳಲ್ಲಿರುವುದೆಲ್ಲ ಹೆಣ.

ನಿಜವಾಗಿ ನೋಡಬೇಕಾದದ್ದು ಉದ್ದಕ್ಕೆ, ಅಂದರೆ ಒಳಕ್ಕೂ ಹೊರಕ್ಕೂ ಇರುವ ಆಟ. ಅದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಲೆಕ್ಕ. ಬೆರಳಿಗೆ ಹತ್ತುವ ಅಳತೆ ಅದಲ್ಲ, ಡಯಲ್ ಗೇಜ್ ಬೇಕು. ಬೆರಳಿಗೇ ಗೊತ್ತಾಗುವಷ್ಟು ಚಕ್ರ ಒಳಗೆ ಹೊರಗೆ ಸರಿಯುತ್ತಿದ್ದರೆ ಥ್ರಸ್ಟ್ ಬೇರಿಂಗ್ ಸವೆದಿದೆ, ಅಡ್ಡಕ್ಕೆ ಆಡಿಸಿದಾಗ ರೆಕ್ಕೆ ಹೌಸಿಂಗಿಗೆ ಉಜ್ಜಿದರೆ ಟರ್ಬೊ ಮುಗಿದಿದೆ. ಇಷ್ಟನ್ನು ಬೆರಳಿಗೆ ಬಿಟ್ಟುಕೊಡುತ್ತೇನೆ. ಆದರೆ ಟರ್ಬೊ ಹೋದದ್ದೇ ನಿಜವಾದಾಗಲೂ ಯಾಕೆ ಹೋಯಿತು ಎಂಬುದನ್ನು ಬೆರಳು ಹೇಳಲಾರದು.

ನನ್ನ ಭಾವನ ಮಿನಿ ಲಾರಿಗೆ ಏಳು ತಿಂಗಳಲ್ಲಿ ಎರಡು ಟರ್ಬೊ ಹಾಕಿಸಿದೆವು. ಎರಡು ಸಲವೂ ನೀಲಿ ಹೊಗೆ, ಎರಡು ಸಲವೂ ಅದೇ ಬೆರಳು. ಮೂರನೆಯ ಸಲ ಬೇರೆ ಮೇಸ್ತ್ರಿಯ ಹತ್ತಿರ ಹೋದಾಗ ಆತ ಟರ್ಬೊವನ್ನು ಮುಟ್ಟಲೇ ಇಲ್ಲ. ಅದರ ಕೆಳಗಿನ ಆಯಿಲ್ ರಿಟರ್ನ್ ಪೈಪ್ ಬಿಚ್ಚಿ ಬೆಳಕಿಗೆ ಹಿಡಿದ. ಗ್ಯಾಸ್ಕೆಟ್ ಪೇಸ್ಟ್ ಒಳಕ್ಕೆ ಉಬ್ಬಿ ಗಟ್ಟಿಯಾಗಿತ್ತು, ಅದರ ಮೇಲೆ ಸುಟ್ಟ ಎಣ್ಣೆ ಕರಿ ಕಟ್ಟಿತ್ತು. ಪೆನ್ಸಿಲ್ ತೂರುವಷ್ಟೂ ದಾರಿ ಉಳಿದಿರಲಿಲ್ಲ. ಟರ್ಬೊದಿಂದ ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಅದನ್ನು ಎಳೆಯಲು ಬೇರೆ ಪಂಪ್ ಇಲ್ಲ. ದಾರಿ ಕಟ್ಟಿದರೆ ಸೀಲ್ ದಾಟಿ ಸೈಲೆನ್ಸರಿಗೆ ಹೋಗುತ್ತದೆ. ರಿಂಗ್ ಸವೆದು ಬ್ಯಾಕ್ ಕಂಪ್ರೆಷನ್ ಹೆಚ್ಚಿದ ಎಂಜಿನ್ನಿನಲ್ಲೂ ಹೀಗೇ ಆಗುತ್ತದೆ. ಏರ್ ಫಿಲ್ಟರ್ ಕಟ್ಟಿದ್ದರೆ ಗಾಳಿಯ ಕಡೆಯಿಂದ ಎಣ್ಣೆ ಸೋರುತ್ತದೆ. ಯಾವುದರಲ್ಲೂ ಟರ್ಬೊದ ತಪ್ಪಿಲ್ಲ, ಶಿಕ್ಷೆ ಮಾತ್ರ ಅದಕ್ಕೇ.

ಬೀದಿ ಮೆಕ್ಯಾನಿಕ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರ ಜೊತೆ ನನ್ನ ಜಗಳ ಇಲ್ಲಿಯೇ. ಗ್ರೀಸ್ ಮೆತ್ತಿದ ಕೈ, ಸದ್ದು ಕೇಳಿಯೇ ರೋಗ ಹೇಳುವ ಕಿವಿ, ಕಾಲೇಜು ಕಾಣದ ಜಾಣ್ಮೆ, ಎಲ್ಲವೂ ಅವರ ಲೇಖನಗಳಲ್ಲಿ ತಪ್ಪದೆ ಬರುತ್ತವೆ. ಆತ ಹೇಳಿದ್ದು ಸರಿಯಾಗಿತ್ತೇ, ಗಾಡಿ ಮತ್ತೆ ಬಂತೇ ಎಂದು ಒಬ್ಬರೂ ಕೇಳುವುದಿಲ್ಲ. ರೋಗಿ ಬದುಕಿದನೇ ಎಂದು ವಿಚಾರಿಸದೆ ವೈದ್ಯನ ಕೈಗುಣ ಹೊಗಳಿದ ಹಾಗಾಯಿತು. ರಿಟರ್ನ್ ಪೈಪ್ ಬಿಚ್ಚಿದ ಮೇಸ್ತ್ರಿಯೂ ಕಾಲೇಜು ಕಂಡವನಲ್ಲ. ಆದರೆ ಅವನ ಕೆಲಸದಲ್ಲಿ ಫೋಟೊ ತೆಗೆಯುವಂಥದ್ದೇನೂ ಇರಲಿಲ್ಲ, ಆದ್ದರಿಂದ ಅವನ ಮೇಲೆ ಲೇಖನ ಬರುವುದಿಲ್ಲ.

ಸ್ಕ್ಯಾನರ್ ಪಕ್ಷದವರು ಬೆರಳು ನಂಬುವವರಿಗಿಂತ ಮೇಲೆಂದು ನನಗನ್ನಿಸಿಲ್ಲ. ಯಂತ್ರ ಪಿ0299 ಎಂಬ ದೋಷಸಂಖ್ಯೆ ತೋರಿಸಿದ ಕೂಡಲೇ ಅವರೂ ಟರ್ಬೊ ಬದಲಿಸಲು ಹೊರಡುತ್ತಾರೆ. ಆ ಸಂಖ್ಯೆ ಹೇಳುವುದು ಗಾಳಿಯ ಒತ್ತಡ (ಬೂಸ್ಟ್) ಸಾಲದು ಎಂದು, ಅಷ್ಟೇ. ಸೀಳಿದ ಹೋಸ್, ಸಡಿಲಾದ ಕ್ಲಾಂಪ್, ಸೋರುವ ಇಂಟರ್‌ಕೂಲರ್, ಸಿಕ್ಕಿಕೊಂಡ ವೇಸ್ಟ್‌ಗೇಟ್, ನಾಲ್ಕಕ್ಕೂ ಅದೇ ಸಂಖ್ಯೆ ಬರಬಹುದು.

ನಿರ್ಲಕ್ಷ್ಯಕ್ಕೆ ಬಿದ್ದಿರುವ ವಿದ್ಯೆ ಬೇರೆಯೇ ಇದೆ: ಸತ್ತ ಟರ್ಬೊವನ್ನು ಬಿಚ್ಚಿ ಓದುವುದು. ರೆಕ್ಕೆಯ ಅಂಚು ಮುಕ್ಕಾಗಿದ್ದರೆ ಗಾಳಿಯ ದಾರಿಯಲ್ಲಿ ಏನೋ ಗಟ್ಟಿ ವಸ್ತು ನುಗ್ಗಿದೆ. ಅಂಚು ನಯವಾಗಿ ತೆಳ್ಳಗಾಗಿದ್ದರೆ ಧೂಳು. ಬುಷ್ ಮೇಲೆ ಗೀರುಗಳಿದ್ದರೆ ಕೊಳೆ ಎಣ್ಣೆ. ಶಾಫ್ಟ್ ಬಿಸಿಗೆ ನೀಲಿಗಟ್ಟಿದ್ದರೆ ಎಣ್ಣೆಯೇ ಸಿಕ್ಕಿಲ್ಲ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಸಾಕ್ಷಿಯನ್ನು ಗೋಣಿಚೀಲಕ್ಕೆ ಹಾಕಿ ತೂಕಕ್ಕೆ ಮಾರಿಬಿಡುತ್ತಾರೆ. ಇದು ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ.

ದಾರಿಯಲ್ಲಿ ಟರ್ಬೊ ಕೈಕೊಟ್ಟರೆ ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಬಹುದು. ಪ್ಯಾರೀಸ್ ಕಾರ್ನರಿನಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಕಾಸಿಮೇಡು ಬಂದರು. ಅಲ್ಲಿನ ಬೋಟುಗಳಿಗೆ ರಸ್ತೆ ಬದಿಯೇ ಇಲ್ಲ. ಎಂಜಿನ್ ನಿಂತರೆ ಸುತ್ತ ನೀರು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರಿನವರಿಗೆ ಅದೇ 61 ದಿನ ಜೂನ್, ಜುಲೈಯಲ್ಲಿ. ಎಂಜಿನ್ ಬಿಚ್ಚಿ ಕಟ್ಟಲು ನಿಧಾನವಾಗಿ ಸಿಗುವ ಸಮಯ ಅದೊಂದೇ.

ಆ ದಿನಗಳಲ್ಲಿ ಟರ್ಬೊ ಕೊಳ್ಳಲು ಬರುವ ಬೋಟಿನ ಯಜಮಾನರಲ್ಲಿ ನನ್ನದೊಂದು ಕೋರಿಕೆ. ಹಳೆಯದನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನಿಮ್ಮ ಕಣ್ಣೆದುರೇ ಬಿಚ್ಚಿಸಿ, ರೆಕ್ಕೆ, ಬುಷ್, ಶಾಫ್ಟ್ ನೋಡಿ. ರಿಟರ್ನ್ ಪೈಪ್ ಕಳಚಿ ಒಳಗೆ ಬೆಳಕು ಹಾಯುತ್ತದೆಯೇ ನೋಡಿ. ಆಮೇಲೆ ಹೊಸದಕ್ಕೆ ದುಡ್ಡು ಕೊಡಿ.